ಹ್ಯಾಂಡ್ ಮಿಕ್ಸರ್ ಬಂದ ಮೇಲೆ ಕೇಕ್ ಕೆಡುತ್ತಿದೆ: ತಪ್ಪು ಯಂತ್ರದ್ದೋ, ನನ್ನದೋ?

ಬೆಣ್ಣೆನಗರಿ:
ಎಲ್ಲರಿಗೂ ನಮಸ್ಕಾರ. ಆರು ವರ್ಷಗಳಿಂದ ಮನೆಯಲ್ಲಿ ಕೇಕ್ ಮಾಡುತ್ತಿದ್ದೇನೆ. ಇಷ್ಟು ದಿನವೂ ಮರದ ಸೌಟು ಮತ್ತು ತಂತಿಯ ವಿಸ್ಕ್ ಬಿಟ್ಟರೆ ಬೇರೆ ಸಾಧನ ಇರಲಿಲ್ಲ. ಬಲಗೈಯ ಮಣಿಕಟ್ಟು ನೋಯುತ್ತದೆಂದು ಹೋದ ತಿಂಗಳು ನಮ್ಮ ಮನೆಯವರು 250 ವ್ಯಾಟಿನ ಹ್ಯಾಂಡ್ ಮಿಕ್ಸರ್, ಅಂದರೆ ಎರಡು ಬೀಟರುಗಳಿಂದ ಹಿಟ್ಟು ಕಡೆಯುವ ಕೈಯಂತ್ರ, ತಂದುಕೊಟ್ಟರು. ಅದರಲ್ಲಿ ಇದುವರೆಗೆ ಮೂರು ಕೇಕ್ ಮಾಡಿದ್ದೇನೆ, ಮೂರೂ ಕೈಯಲ್ಲಿ ಕಲಸಿದ ಕೇಕಿಗಿಂತ ಕೆಟ್ಟದಾಗಿ ಬಂದಿವೆ.

ಅಳತೆ ಹಳೆಯದೇ: ಬೆಣ್ಣೆ, ಸಕ್ಕರೆ ಪುಡಿ, ಮೈದಾ ತಲಾ 200 ಗ್ರಾಂ, ಮೊಟ್ಟೆ ನಾಲ್ಕು, ಬೇಕಿಂಗ್ ಪೌಡರ್ ಒಂದು ಟೀ ಚಮಚ. ಬೆಣ್ಣೆ, ಸಕ್ಕರೆಯನ್ನು 5ನೇ ವೇಗದಲ್ಲಿ ಹತ್ತು ನಿಮಿಷ ತಿರುಗಿಸಿದೆ. ಮೊಟ್ಟೆಗಳನ್ನು ಫ್ರಿಜ್ಜಿನಿಂದ ತೆಗೆದು ಹಾಕಿದಾಗ ಮಿಶ್ರಣ ಒಡೆದ ಹಾಲಿನಂತೆ ಕಾಣಿಸಿತು, ಮೈದಾ ಹಾಕಿದರೆ ಸರಿಹೋಗುತ್ತದೆಂದು ಮೈದಾ ಸೇರಿಸಿ ಇನ್ನೂ ನಾಲ್ಕು ನಿಮಿಷ ಬೀಟ್ ಮಾಡಿದೆ. ಹಿಟ್ಟು ರೇಷ್ಮೆಯಂತೆ ನುಣ್ಣಗೆ ಬಂದಿತ್ತು, ನೋಡಿ ಖುಷಿಯೇ ಆಯಿತು. ಆದರೆ ಬೆಂದ ಕೇಕು ನಡುವೆ ಗುಡ್ಡದಂತೆ ಉಬ್ಬಿ ಬಿರಿಯಿತು, ಕತ್ತರಿಸಿದಾಗ ಒಳಗೆ ಎರೆಹುಳು ಕೊರೆದಂತೆ ಉದ್ದುದ್ದ ರಂಧ್ರಗಳು, ತಳದಲ್ಲಿ ಬೆರಳು ದಪ್ಪಕ್ಕೆ ಹಲ್ವದಂಥ ಪದರ. ಜೊತೆಗೆ ಮಿಕ್ಸರಿನ ಮೈ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗಿ ಏನೋ ಸುಟ್ಟ ವಾಸನೆ ಬರುತ್ತದೆ. ಯಂತ್ರವನ್ನು ಹಿಂದಿರುಗಿಸಬೇಕೇ ಅಥವಾ ನಾನೇ ತಿದ್ದಿಕೊಳ್ಳಬೇಕೇ, ದಯವಿಟ್ಟು ತಿಳಿಸಿ.

ಕುಸ್ವಾರ್ ಡಬ್ಬಿ:
ಮೈದಾ ಬಿದ್ದ ಮೇಲೆ ನಾಲ್ಕು ನಿಮಿಷ! ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ, ಮೇಡಂ.

ನಾನು ಮಂಗಳೂರಿನವಳು. ಕ್ರಿಸ್ಮಸ್ಸಿಗೆ ಕುಸ್ವಾರ್ ಎಂಬ ಹಬ್ಬದ ತಿಂಡಿಗಳನ್ನು ಹಂಚುವ ಮನೆ ನಮ್ಮದಾದ್ದರಿಂದ ಡಿಸೆಂಬರಿನಲ್ಲಿ ಹದಿನೈದು ಇಪ್ಪತ್ತು ಕೇಕ್ ಮಾಡುವುದು ಮಾಮೂಲು. ಮೈದಾಕ್ಕೆ ನೀರಿನ ಅಂಶ ತಗಲಿ, ಅದನ್ನು ತಿರುಗಿಸುತ್ತಲೇ ಹೋದರೆ ಗ್ಲುಟೆನ್ ಎಂಬ ಅಂಟು ಎಳೆ ಕಟ್ಟುತ್ತದೆ. ಪರೋಟದ ಹಿಟ್ಟಿಗೆ ಬೇಕಾದ ಗುಣವೇ ಅದು, ಕೇಕಿಗೆ ಬೇಡವಾದದ್ದೂ ಅದೇ. ನಿಮಗೆ ರೇಷ್ಮೆಯಂತೆ ಕಂಡದ್ದು ಆ ಎಳೆಯೇ ಇರಬೇಕು. ಅದರೊಳಗೆ ಸಿಕ್ಕಿಕೊಂಡ ಗಾಳಿ ಹೊರಬರಲು ದಾರಿ ಹುಡುಕುತ್ತಾ ಮೇಲಕ್ಕೆ ಕೊರೆದುಕೊಂಡು ಹೋಗುತ್ತದೆ, ಎರೆಹುಳುವಿನ ರಂಧ್ರ ಎಂದಿರಲ್ಲ, ಅದು ಹೀಗೆ ಆಗುವುದು. ಸೌಟಿನಲ್ಲಿ ಕಲಸುವಾಗ ನಿಮ್ಮ ಕೈಯೇ ಸೋತು ನಿಲ್ಲಿಸುತ್ತಿತ್ತು, ಮಿಕ್ಸರ್ ಸೋಲುವುದಿಲ್ಲ. ಮೈದಾ ಹಾಕುವ ಮೊದಲೇ ಪ್ಲಗ್ ಕಿತ್ತು, ಬೀಟರ್ ಬಿಡಿಸಿ ಸಿಂಕಿಗೆ ಹಾಕಿಬಿಡಿ. ಮೈದಾವನ್ನು ಮೂರು ಸಲವಾಗಿ ಜರಡಿ ಹಿಡಿದು ಸ್ಪ್ಯಾಚುಲಾದಲ್ಲಿ ತಳದಿಂದ ಮೇಲಕ್ಕೆ ಮಗುಚಿ ಬೆರೆಸಿ. ಬಿಳಿ ಪುಡಿ ಕಾಣದಾದ ಕ್ಷಣವೇ ಟಿನ್ನಿಗೆ ಸುರಿಯಬೇಕು.

ಲೋಡ್ ಶೆಡ್ಡಿಂಗ್:
ಕೇಕಿನ ವಿಷಯ ನನಗೆ ತಿನ್ನುವಷ್ಟು ಮಾತ್ರ ಗೊತ್ತು, ಮೋಟಾರಿನ ವಿಷಯದಲ್ಲಿ ನಾಲ್ಕು ಮಾತು ಹೇಳಬಲ್ಲೆ. ಮಿಕ್ಸರನ್ನು ತಲೆಕೆಳಗು ಮಾಡಿ ಅದರ ಹೊಟ್ಟೆಯ ಮೇಲಿರುವ ಚೀಟಿಯನ್ನು ಓದಿ. ವೋಲ್ಟೇಜು, ವ್ಯಾಟುಗಳ ಪಕ್ಕದಲ್ಲಿ ಹಲವು ಯಂತ್ರಗಳಲ್ಲಿ ‘ಕೆಬಿ 5 ಮಿನಿಟ್’ ಎಂಬಂಥ ಒಂದು ಬರಹ ಇರುತ್ತದೆ. ಒಂದೇ ಸಮನೆ ಐದು ನಿಮಿಷಕ್ಕಿಂತ ಹೆಚ್ಚು ಓಡಿಸಬೇಡಿ, ಆಮೇಲೆ ತಣಿಯಲು ಬಿಡಿ ಎಂದು ಅದರ ಅರ್ಥ. ಕೆಲವದರಲ್ಲಿ ಮೂರೇ ನಿಮಿಷ ಇರುವುದೂ ಉಂಟು. ನೀವು ಹತ್ತು ನಿಮಿಷ ಓಡಿಸಿ, ಅದರ ಬೆನ್ನಿಗೇ ಗಟ್ಟಿ ಹಿಟ್ಟಿನಲ್ಲಿ ಇನ್ನೂ ನಾಲ್ಕು ನಿಮಿಷ ಓಡಿಸಿದ್ದೀರಿ.

ಇದರೊಳಗೆ ಇರುವುದು ಕಾರ್ಬನ್ ಬ್ರಷ್ ಇರುವ ಯೂನಿವರ್ಸಲ್ ಮೋಟಾರು. ಅಡುಗೆಮನೆಯ ಮಿಕ್ಸಿ, ಬಡಗಿಯ ಡ್ರಿಲ್ಲಿಂಗ್ ಮಶೀನು, ಎಲ್ಲವೂ ಇದೇ ಜಾತಿ. ಅದನ್ನು ತಣಿಸುವ ಪುಟ್ಟ ಫ್ಯಾನು ಮೋಟಾರಿನ ಅದೇ ದಂಡಕ್ಕೆ ಕೂತಿರುತ್ತದೆ. ಹಿಟ್ಟು ಗಟ್ಟಿಯಾಗಿ ಬೀಟರ್ ಒದ್ದಾಡತೊಡಗಿದರೆ ಫ್ಯಾನೂ ನಿಧಾನವಾಗುತ್ತದೆ, ಆದರೆ ಮೋಟಾರು ಎಳೆಯುವ ಕರೆಂಟು ಮಾತ್ರ ಹೆಚ್ಚುತ್ತದೆ. ಹೆಚ್ಚು ಗಾಳಿ ಬೇಕಾದ ಹೊತ್ತಿಗೇ ಅದಕ್ಕೆ ಗಾಳಿ ಸಿಗುವುದಿಲ್ಲ. ಸುಟ್ಟ ವಾಸನೆ ಸುರುಳಿ ತಂತಿಯ ವಾರ್ನಿಷ್ ಬಿಸಿಯಾದದ್ದು. ಹೊಸ ಯಂತ್ರದಲ್ಲಿ ಮೊದಲೆರಡು ಸಲ ಸ್ವಲ್ಪ ವಾಸನೆ ಬಂದರೆ ಹೆದರಬೇಕಿಲ್ಲ, ಆದರೆ ಮುಟ್ಟಲಾಗದಷ್ಟು ಬಿಸಿಯಾದರೆ ನಿಲ್ಲಿಸಲೇಬೇಕು.

ಒಗ್ಗರಣೆ:
ಇದಕ್ಕೆಲ್ಲ ಇನ್ನೊಂದು ಯಂತ್ರ ಏಕೆ? ಮನೆಯಲ್ಲಿ ಮಿಕ್ಸಿ ಇಲ್ಲವೇ?

ಹಾಸನದ ಗೃಹಿಣಿ:
ಒಗ್ಗರಣೆ ಅವರೇ, ಅಂಗಡಿಯವನೂ ನನಗೆ ಹಾಗೆಯೇ ಹೇಳಿದ್ದ. ‘ಹ್ಯಾಂಡ್ ಮಿಕ್ಸರ್ ಕೊಡಿ’ ಎಂದರೆ ಮೂರು ಜಾರಿನ ಮಿಕ್ಸಿ ತಂದಿಟ್ಟ, ಅದಲ್ಲ ಎಂದರೆ ಸೂಪು ಕಡೆಯುವ ಬ್ಲೇಡಿನ ಕೋಲು ತಂದಿಟ್ಟ. ಕೊನೆಗೆ ಪೆಟ್ಟಿಗೆಯ ಮೇಲಿನ ಚಿತ್ರ ತೋರಿಸಿ ಕೊಳ್ಳಬೇಕಾಯಿತು.

ಮಿಕ್ಸಿಯ ಬ್ಲೇಡು ಕತ್ತರಿಸುತ್ತದೆ, ಗಾಳಿಯನ್ನು ಒಳಗೆ ಸೇರಿಸುವುದಿಲ್ಲ. ಜಾರಿನಲ್ಲಿ ಬೆಣ್ಣೆ ಅರ್ಧ ನಿಮಿಷಕ್ಕೇ ಬಿಸಿಯಾಗಿ ಕರಗುತ್ತದೆ. ಮೊಸರು, ಎಣ್ಣೆ, ಸೋಡಾ ಹಾಕುವ ಮೊಟ್ಟೆಯಿಲ್ಲದ ಕೇಕಿಗೆ ಮಿಕ್ಸಿ ಸಾಕು ಎಂಬುದನ್ನು ಒಪ್ಪುತ್ತೇನೆ, ಏಕೆಂದರೆ ಅಲ್ಲಿ ಉಬ್ಬಿಸುವ ಕೆಲಸ ಸೋಡಾ ಮತ್ತು ಮೊಸರಿನ ಹುಳಿಯದು. ಆದರೆ ಆ ಕೇಕಿಗೆ ಹ್ಯಾಂಡ್ ಮಿಕ್ಸರೂ ಬೇಡ, ಒಂದು ಫೋರ್ಕಿನಲ್ಲಿ ಕಲಸಿದರೂ ಆಗುತ್ತದೆ.

ಒಗ್ಗರಣೆ:
ಹಾಗಾದರೆ ನನ್ನ ಮಾತೇ ನಿಜವಾಯಿತು. ನಮ್ಮ ಮನೆಯಲ್ಲಿ ಮೊಟ್ಟೆ ಬಳಸುವುದಿಲ್ಲ, ನನಗೆ ಈ ಯಂತ್ರ ದಂಡ.

ಕುಸ್ವಾರ್ ಡಬ್ಬಿ:
ನಿಮಗೆ ದಂಡ ಎನ್ನಿ, ಎಲ್ಲರಿಗೂ ದಂಡ ಎನ್ನಬೇಡಿ. ಮೊಟ್ಟೆಯಿಲ್ಲದವರೂ ಕ್ರೀಮ್ ಕಡೆಯಬೇಕಲ್ಲವೇ? ಕಾಬೂಲಿ ಕಡಲೆ ಬೇಯಿಸಿದ ಗಟ್ಟಿ ನೀರನ್ನು ಸಕ್ಕರೆಯೊಂದಿಗೆ ಕಡೆದರೆ ಮೊಟ್ಟೆಯ ಬಿಳಿಯಂತೆಯೇ ನೊರೆ ನಿಲ್ಲುತ್ತದೆ, ಒಮ್ಮೆ ಮಾಡಿ ನೋಡಿ. ಅದನ್ನು ಕೈಯಲ್ಲಿ ಕಡೆಯಲು ಹೊರಟರೆ ಸಂಜೆಯಾಗುತ್ತದೆ.

ಕಡಗೋಲು:
ನನಗೆ ಎಪ್ಪತ್ತರ ಹತ್ತಿರ ವಯಸ್ಸು. ಅಮ್ಮ ಕಂಬಕ್ಕೆ ಹಗ್ಗ ಕಟ್ಟಿ ಮೊಸರು ಕಡೆಯುತ್ತಿದ್ದುದನ್ನು ನೋಡಿ ಬೆಳೆದವಳು ನಾನು. ಈಗಿನವರು ಐದು ನಿಮಿಷಕ್ಕೆ ಮೋಟಾರು ಬಿಸಿಯಾಯಿತು ಎಂದು ಮಾತಾಡಿಕೊಳ್ಳುವುದನ್ನು ಓದಿ ನಗು ಬಂತು. ಕೇಕನ್ನು ನಾನು ಕಲಿತದ್ದು ನಮ್ಮ ಕಾನ್ವೆಂಟಿನ ಸಿಸ್ಟರ್ ಒಬ್ಬರಿಂದ. ಹಿಟ್ಟನ್ನು ಮೊದಲಿನಿಂದ ಕೊನೆಯವರೆಗೂ ಒಂದೇ ದಿಕ್ಕಿಗೆ ತಿರುಗಿಸಬೇಕು, ದಿಕ್ಕು ತಪ್ಪಿದರೆ ಕೇಕ್ ಕೂರುತ್ತದೆ ಎಂದು ಅವರು ಕಟ್ಟುನಿಟ್ಟಾಗಿ ಹೇಳುತ್ತಿದ್ದರು. ಬೆಣ್ಣೆನಗರಿ ಅವರು ಮಿಕ್ಸರನ್ನು ಬಟ್ಟಲಿನಲ್ಲಿ ಹೇಗೆ ಬೇಕೋ ಹಾಗೆ ಆಡಿಸುತ್ತಿರಬಹುದು, ಅದನ್ನೂ ಗಮನಿಸಿ.

ಲೋಡ್ ಶೆಡ್ಡಿಂಗ್:
ಅಮ್ಮ, ಕ್ಷಮಿಸಿ, ಈ ಮಾತನ್ನು ಮಾತ್ರ ಒಪ್ಪಲಾರೆ. ಹ್ಯಾಂಡ್ ಮಿಕ್ಸರಿನ ಎರಡು ಬೀಟರುಗಳು ಒಂದಕ್ಕೊಂದು ಎದುರಾಗಿ ತಿರುಗುತ್ತವೆ. ಬಟ್ಟಲನ್ನು ನೀವು ಯಾವ ದಿಕ್ಕಿಗೆ ಸುತ್ತಿದರೂ ಹಿಟ್ಟು ಒಂದೇ ಕಾಲಕ್ಕೆ ಎಡಕ್ಕೂ ಬಲಕ್ಕೂ ಹೋಗುತ್ತಿರುತ್ತದೆ. ಬೀಟರುಗಳು ಹೀಗೆ ಹೆಣೆದುಕೊಂಡು ತಿರುಗುವುದು ಹೊಸದೂ ಅಲ್ಲ, 1930ರಲ್ಲಿ ಅಮೆರಿಕದ ಸನ್‌ಬೀಮ್ ಕಂಪನಿ ತಂದ ಮಿಕ್ಸ್‌ಮಾಸ್ಟರಿನಲ್ಲೇ ಇತ್ತು. ಒಂದೇ ದಿಕ್ಕಿನ ನಿಯಮ ನಿಜವಾಗಿದ್ದರೆ ಅಂದಿನಿಂದ ಇಂದಿನವರೆಗೆ ಯಾರ ಮನೆಯಲ್ಲೂ ಕೇಕ್ ಉಬ್ಬಬಾರದಿತ್ತು.

ಕಡಗೋಲು:
ಎದುರಾಗಿ ತಿರುಗುತ್ತವೆಯೇ? ಮೊಮ್ಮಗಳ ಮಿಕ್ಸರನ್ನು ಈಗ ತೆಗೆದು ನೋಡಿದೆ, ನೀವು ಹೇಳಿದ್ದು ನಿಜ. ಬಹುಶಃ ಸಿಸ್ಟರ್ ನಮ್ಮ ಕೈಗೆ ಒಂದು ಹದ ಕೂರಲಿ, ಕಲಸುವಾಗ ಹಿಟ್ಟು ಎರಚದಿರಲಿ ಎಂದು ಹಾಗೆ ಹೇಳಿರಬೇಕು. ಆದರೂ ನನ್ನ ಕೈ ದಿಕ್ಕು ಬದಲಿಸುವುದಿಲ್ಲ ಬಿಡಿ.

ಅರ್ಧ ಕಪ್ ಸಕ್ಕರೆ:
ಎಲ್ಲರೂ ಮೈದಾ ಮೈದಾ ಎನ್ನುತ್ತಿದ್ದೀರಿ, ಬೆಣ್ಣೆಯ ವಿಷಯ ಯಾರೂ ಕೇಳಲಿಲ್ಲ. ಬೆಣ್ಣೆನಗರಿ ಅವರೇ, ಬೆಣ್ಣೆಯನ್ನು ಎಷ್ಟು ಹೊತ್ತು ಹೊರಗೆ ಇಟ್ಟಿದ್ದಿರಿ? ತಳದಲ್ಲಿ ಹಲ್ವ ಕಟ್ಟಿದೆ ಎಂದರೆ ನನಗೆ ಬೆಣ್ಣೆಯ ಮೇಲೆಯೇ ಅನುಮಾನ.

ಬೆಣ್ಣೆನಗರಿ:
ಎಲ್ಲರಿಗೂ ಧನ್ಯವಾದ. ಚೀಟಿ ನೋಡಿದೆ, ‘ಕೆಬಿ 5’ ಎಂದೇ ಇದೆ. ಇಷ್ಟು ದಿನ ಅದು ಮಾದರಿಯ ಹೆಸರು ಎಂದುಕೊಂಡಿದ್ದೆ. ಬೆಣ್ಣೆಯನ್ನು ಬೆಳಿಗ್ಗೆ ಏಳಕ್ಕೆ ತೆಗೆದಿಟ್ಟು ಹನ್ನೊಂದಕ್ಕೆ ಕೇಕಿಗೆ ಕೂತೆ. ಪಾಕವಿಧಾನಗಳಲ್ಲೆಲ್ಲ ‘ಕೋಣೆಯ ತಾಪಮಾನದ ಬೆಣ್ಣೆ’ ಎಂದೇ ಇರುತ್ತದಲ್ಲವೇ? ಬೆರಳಿಟ್ಟರೆ ಒಳಗೆ ಇಳಿದುಹೋಗುತ್ತಿತ್ತು, ಅಂಚಿನಲ್ಲಿ ಎಣ್ಣೆಯಂತೆ ಮಿನುಗುತ್ತಿತ್ತು.

ಅರ್ಧ ಕಪ್ ಸಕ್ಕರೆ:
ಕೋಣೆ ಯಾರದು ಎಂಬುದನ್ನೂ ಕೇಳಬೇಕು ಮೇಡಂ. ಆ ಮಾತು ಬರೆದವರ ಕೋಣೆ 20 ಡಿಗ್ರಿಯದು, ನಿಮ್ಮದು ಏಪ್ರಿಲ್ ತಿಂಗಳ ದಾವಣಗೆರೆಯದು.

ಬೆಣ್ಣೆ ಸಕ್ಕರೆಯನ್ನು ಕಡೆಯುವುದು ಬರೀ ಬೆರೆಸಲಿಕ್ಕಲ್ಲ. ಸಕ್ಕರೆಯ ಹರಳಿನ ಮೂಲೆಗಳು ಬೆಣ್ಣೆಯನ್ನು ಗೀರುತ್ತಾ ಅದರಲ್ಲಿ ಕಣ್ಣಿಗೆ ಕಾಣದ ಗಾಳಿಗುಳ್ಳೆಗಳನ್ನು ನೆಡುತ್ತವೆ, ಬೇಕಿಂಗ್ ಪೌಡರ್ ಆಮೇಲೆ ಊದಿಸುವುದು ಈ ಗುಳ್ಳೆಗಳನ್ನೇ. ಗುಳ್ಳೆಯನ್ನು ಹಿಡಿದಿಡಬೇಕಾದರೆ ಬೆಣ್ಣೆ ಮಣಿಯುವಂತಿರಬೇಕು, ಆದರೆ ಗಟ್ಟಿಯಾಗಿರಬೇಕು. ಅದು 18ರಿಂದ 20 ಡಿಗ್ರಿಯ ಹದ. ಒತ್ತಿದರೆ ಬೆರಳಿನ ಗುರುತು ಬೀಳಬೇಕು, ಬೆರಳು ಇಳಿಯಬಾರದು, ಮೇಲೆ ಮಿನುಗು ಇರಬಾರದು. ನೀವು ಕಡೆದದ್ದು ಹೆಚ್ಚುಕಡಿಮೆ ತುಪ್ಪ, ಅದರ ಮೇಲೆ ಮಿಕ್ಸರ್ ಹತ್ತು ನಿಮಿಷ ತಿರುಗಿ ಇನ್ನಷ್ಟು ಕಾಯಿಸಿದೆ. ಬೇಸಿಗೆಯಲ್ಲಿ ಬೆಣ್ಣೆಯನ್ನು ಚಿಕ್ಕ ತುಂಡು ಮಾಡಿ ಹತ್ತು ಹದಿನೈದು ನಿಮಿಷ ಹೊರಗಿಟ್ಟರೆ ಬೇಕಾದಷ್ಟಾಯಿತು. ಕಡೆಯುವಾಗ ಮೆತ್ತಗಾಗುತ್ತಿದೆ ಎನಿಸಿದರೆ ಪಾತ್ರೆ ಸಮೇತ ಐದು ನಿಮಿಷ ಫ್ರಿಜ್ಜಿಗೆ ಇಡಿ, ಮೋಟಾರಿಗೂ ಅಷ್ಟು ಹೊತ್ತು ವಿಶ್ರಾಂತಿ ಸಿಗುತ್ತದೆ.

ಮೊಟ್ಟೆಗೆ ಲೆಕ್ಕ ಉಲ್ಟಾ. ಅವು ಫ್ರಿಜ್ಜಿನಿಂದ ನೇರ ಬಂದರೆ ಬೆಣ್ಣೆ ಬೆಚ್ಚಿಬಿದ್ದು ಕಾಳುಕಾಳಾಗುತ್ತದೆ, ಹಿಡಿದಿದ್ದ ನೀರನ್ನು ಬಿಡುತ್ತದೆ. ಮೊಟ್ಟೆಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಮುಳುಗಿಸಿಟ್ಟು, ಒಂದೊಂದಾಗಿ ಒಡೆದು ಹಾಕಿ. ಒಂದು ಪೂರ್ತಿ ಬೆರೆತ ಮೇಲೆಯೇ ಮತ್ತೊಂದು. ಮಿಶ್ರಣ ಒಡೆಯುವ ಲಕ್ಷಣ ಕಂಡರೆ ಅಳತೆಯ ಮೈದಾದಲ್ಲೇ ಒಂದು ಚಮಚ ಹಾಕಿದರೆ ಹಿಡಿತಕ್ಕೆ ಬರುತ್ತದೆ.

ಹಾಸನದ ಗೃಹಿಣಿ:
ಸಕ್ಕರೆಯ ಬಗ್ಗೆ ಒಂದು ತಕರಾರಿದೆ. ಹರಳಿನ ಮೂಲೆ ಎಂದಿರಿ, ಆದರೆ ಅವರು ಹಾಕಿರುವುದು ಸಕ್ಕರೆ ಪುಡಿ. ನುಣ್ಣಗಿನ ಪುಡಿಯಲ್ಲಿ ಮೂಲೆ ಎಲ್ಲಿಂದ ಬರಬೇಕು?

ಅರ್ಧ ಕಪ್ ಸಕ್ಕರೆ:
ಸರಿಯಾಗಿ ಹಿಡಿದಿರಿ. ನಮ್ಮ ಕಿರಾಣಿ ಅಂಗಡಿಯ ಸಕ್ಕರೆ ಹರಳು ತೀರ ದಪ್ಪ, ಹಾಗೆಯೇ ಹಾಕಿದರೆ ಕರಗದೆ ಉಳಿದು ಕೇಕಿನ ಮೇಲೆ ಚುಕ್ಕೆ ಬೀಳುತ್ತದೆ. ಗಂಧದಂತೆ ನುಣ್ಣಗೆ ಮಾಡಿದರೆ ಗಾಳಿ ಕಡಿಮೆ ಸೇರುತ್ತದೆ. ಮಿಕ್ಸಿಯಲ್ಲಿ ಎರಡು ಮೂರು ಸಲ ಗಿರ್ ಎನಿಸಿ ಚಿರೋಟಿ ರವೆಯಷ್ಟು ಸಣ್ಣದಾದಾಗ ನಿಲ್ಲಿಸುವುದು ನನ್ನ ರೂಢಿ. ಒಗ್ಗರಣೆ ಅವರ ಮಿಕ್ಸಿಗೂ ಇಲ್ಲಿ ಕೆಲಸ ಸಿಕ್ಕಿತು.

ಒಗ್ಗರಣೆ:
ಕೃತಾರ್ಥನಾದೆ.

ಮುಂಜಾವು:
ವೇಗದ ಬಗ್ಗೆಯೂ ಹೇಳಿಬಿಡುತ್ತೇನೆ. ಹೊಸದಾಗಿ ಕೊಂಡವರೆಲ್ಲ 5ನೇ ವೇಗಕ್ಕೇ ಹೋಗುತ್ತಾರೆ, ನಾನೂ ಹೋಗಿದ್ದೆ. ಮೊದಲ ದಿನ ಕೋಕೋ ಪುಡಿ ಹಾಕಿ ನೇರವಾಗಿ ಟರ್ಬೋ ಒತ್ತಿದೆ. ಬಿಳಿ ಗೋಡೆಯ ಮೇಲೆ ಆ ಕಲೆ ಇವತ್ತಿಗೂ ಇದೆ, ಮನೆಗೆ ಬಂದವರಿಗೆಲ್ಲ ನಮ್ಮ ಯಜಮಾನರು ಅದನ್ನು ತೋರಿಸುತ್ತಾರೆ. ಈಗ ಬೀಟರನ್ನು ಹಿಟ್ಟಿನೊಳಗೆ ಇಳಿಸಿದ ಮೇಲೆಯೇ ಸ್ವಿಚ್ ಹಾಕುತ್ತೇನೆ, 1ರಲ್ಲಿ ಆರಂಭಿಸಿ ಬೆಣ್ಣೆ ಹಗುರಾಗುವವರೆಗೆ 3ರಲ್ಲೇ ಇರುತ್ತೇನೆ. ಬೆಣ್ಣೆಯ ಹಳದಿ ತಿಳಿಯಾಗುತ್ತಾ ಕೆನೆಯ ಬಣ್ಣಕ್ಕೆ ತಿರುಗಿದರೆ ಸಾಕು, ಗಡಿಯಾರ ನೋಡುವುದಕ್ಕಿಂತ ಬಣ್ಣ ನೋಡುವುದು ಮೇಲು. ಬಟ್ಟಲು ಜಾರದಂತೆ ಅದರಡಿ ಒದ್ದೆ ಬಟ್ಟೆ ಹಾಸಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಜಡೆಯನ್ನು ಹಿಂದಕ್ಕೆ ಕಟ್ಟಿಕೊಳ್ಳಿ. ಓಡುತ್ತಿರುವ ಬೀಟರಿಗೆ ಸ್ಪ್ಯಾಚುಲಾ ಹಾಕಿ ಬದಿ ಕೆರೆಯಲು ಹೋಗಲೇಬೇಡಿ.

ಹಾಸನದ ಗೃಹಿಣಿ:
ಗಡಿಯಾರ ಎಂದದ್ದಕ್ಕೆ ನೆನಪಾಯಿತು. ಮಗಳ ಹುಟ್ಟುಹಬ್ಬಕ್ಕೆ ಹಾಲಿನ ಕ್ರೀಮನ್ನೇ ತಂದು ಕಡೆಯುತ್ತಿದ್ದೆ. ಬಟ್ಟಲಿನಡಿ ಐಸು, ಬೀಟರುಗಳನ್ನೂ ಫ್ರೀಜರಿನಲ್ಲಿಟ್ಟು ತೆಗೆದದ್ದು, ಎಲ್ಲವೂ ಶಾಸ್ತ್ರೋಕ್ತವಾಗಿತ್ತು. ಅಲೆಅಲೆಯಾಗಿ ಗೆರೆ ಬೀಳತೊಡಗಿತು, ಇನ್ನೇನು ನಿಲ್ಲಿಸಬೇಕು ಎನ್ನುವಾಗ ಅಕ್ಕನ ಫೋನು ಬಂತು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಮಿಕ್ಸರು. ಮಾತು ಮುಗಿಯುವಷ್ಟರಲ್ಲಿ ಸದ್ದು ಬದಲಾಯಿತು, ಬಟ್ಟಲಿನಿಂದ ತೆಳ್ಳಗಿನ ನೀರು ಮುಖಕ್ಕೆ ಎರಚಿತು. ನೋಡಿದರೆ ಬೀಟರಿಗೆ ಅಂಟಿಕೊಂಡು ಹಳದಿ ಮುದ್ದೆ ಕೂತಿದೆ, ಕೆಳಗೆ ಮಜ್ಜಿಗೆ. ನಮ್ಮ ಅತ್ತೆ ಬಂದು ಬಗ್ಗಿ ನೋಡಿ, ‘ಬೆಣ್ಣೆ ಚೆನ್ನಾಗಿ ಬಂದಿದೆ ಕಣಮ್ಮಾ, ಯಾಕೆ ಅಳ್ತೀಯಾ?’ ಎಂದರು. ಮಾರನೆಯ ದಿನ ಅಕ್ಕಿರೊಟ್ಟಿಯ ಮೇಲೆ ಅದನ್ನೇ ಹಾಕಿ ತಿಂದೆವು. ಕೇಕಿಗೆ ಜಾಮ್ ಸವರಿದ್ದಾಯಿತು.

ಕಡಗೋಲು:
ನಿಮ್ಮ ಅತ್ತೆಗೆ ನನ್ನ ನಮಸ್ಕಾರ ತಿಳಿಸಿ.

ಮುಂಜಾವು:
ನನ್ನದು ತದ್ವಿರುದ್ಧ. ಪೊಟ್ಟಣದ ಫ್ರೆಶ್ ಕ್ರೀಮ್ ಅರ್ಧ ಗಂಟೆ ಕಡೆದರೂ ಗಟ್ಟಿಯಾಗಲಿಲ್ಲ. ಮಿಕ್ಸರ್ ಸರಿಯಿಲ್ಲವೇ?

ಕುಸ್ವಾರ್ ಡಬ್ಬಿ:
ಮಿಕ್ಸರ್ ಸರಿಯಿದೆ, ಕ್ರೀಮ್ ಬೇರೆಯದು ಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಫ್ರೆಶ್ ಕ್ರೀಮಿನಲ್ಲಿ ಕೊಬ್ಬು 25% ಮಾತ್ರ. ಕಡೆದ ಕ್ರೀಮ್ ನಿಲ್ಲಬೇಕಾದರೆ 35% ಆಸುಪಾಸಿನಲ್ಲಿರಬೇಕು. ಪೊಟ್ಟಣದ ಹಿಂಬದಿ ಓದಿ ಕೊಳ್ಳಿ. ಬೇಕರಿಯವರು ಬಳಸುವ ಡೈರಿಯಲ್ಲದ ವಿಪ್ಪಿಂಗ್ ಕ್ರೀಮ್ ಸುಲಭವಾಗಿ ನಿಲ್ಲುತ್ತದೆ, ಅದನ್ನು ಫ್ರೀಜರಿನಿಂದ ಫ್ರಿಜ್ಜಿಗೆ ಇಳಿಸಿ ಪೂರ್ತಿ ಕರಗಿದ ಮೇಲೆ, ಇನ್ನೂ ತಣ್ಣಗಿರುವಾಗಲೇ ಕಡೆಯಬೇಕು. ನನಗೆ ಅದರ ರುಚಿ ಹಿಡಿಸುವುದಿಲ್ಲ, ಅಂಗುಳಕ್ಕೆ ಮೇಣದಂತೆ ಅಂಟುತ್ತದೆ. ಆದರೆ ನಮ್ಮ ಕರಾವಳಿಯ ಸೆಕೆಗೆ ನಿಲ್ಲುವುದು ಅದೊಂದೇ.

ಎಡಿಸನ್ ಕನ್ನಡತಿ:
ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ಇಲ್ಲಿಂದ ಊರಿಗೆ ಮಿಕ್ಸರ್ ಒಯ್ಯುವವರಿಗೊಂದು ಎಚ್ಚರಿಕೆ. ತಂಗಿಗೆಂದು ಮೈಸೂರಿಗೆ ಒಂದು ಹ್ಯಾಂಡ್ ಮಿಕ್ಸರ್ ಒಯ್ದಿದ್ದೆ, ಪ್ಲಗ್ಗಿನ ಕಡ್ಡಿಗೆ ಅಡಾಪ್ಟರನ್ನೂ ಕೊಂಡಿದ್ದೆ. ತಂಗಿ ಸ್ವಿಚ್ ಹಾಕಿದಳು, ಅದು ವಿಮಾನದಂತೆ ಕಿರುಚಿತು, ನೀಲಿ ಕಿಡಿ ಕಂಡಿತು, ಮುಗಿಯಿತು. ಮಡಿಸಿಟ್ಟ ಚೀಟಿಯಲ್ಲಿ ಆಶೀರ್ವಾದ ಬರೆದದ್ದು ಹಾಗೆಯೇ ಉಳಿಯಿತು.

ಲೋಡ್ ಶೆಡ್ಡಿಂಗ್:
ಅಲ್ಲಿಯದು 120 ವೋಲ್ಟಿನ ಯಂತ್ರ, ಇಲ್ಲಿ ಗೋಡೆಯಲ್ಲಿರುವುದು 230. ಅಡಾಪ್ಟರ್ ಬರೀ ಕಡ್ಡಿಯ ಆಕಾರ ಬದಲಿಸುತ್ತದೆ, ವೋಲ್ಟೇಜು ಇಳಿಸುವುದಿಲ್ಲ. ಇಳಿಸುವ ಟ್ರಾನ್ಸ್‌ಫಾರ್ಮರ್ ಬೇರೆ ಬರುತ್ತದೆ, ಆದರೆ ಅದರ ತೂಕಕ್ಕೂ ಬೆಲೆಗೂ ಇಲ್ಲಿಯೇ ಒಂದು ಮಿಕ್ಸರ್ ಕೊಳ್ಳುವುದು ಲೇಸು.

ಜೊತೆಗೆ ಯಾರೋ ಖಾಸಗಿಯಾಗಿ 250 ಒಳ್ಳೆಯದೋ 300 ಒಳ್ಳೆಯದೋ ಎಂದು ಕೇಳಿದ್ದಾರೆ. ವ್ಯಾಟು ಎನ್ನುವುದು ಅದು ತಿನ್ನುವ ವಿದ್ಯುತ್ತಿನ ಲೆಕ್ಕ, ಮಾಡುವ ಕೆಲಸದ ಲೆಕ್ಕವಲ್ಲ. ಬ್ರೆಡ್ಡಿನ ಹಿಟ್ಟು ನಾದಲು ಸುರುಳಿ ಕೊಕ್ಕೆ ಕೊಟ್ಟಿದ್ದಾರೆಂದು ಚಪಾತಿ ಹಿಟ್ಟು ಕಲಸಲು ಹೋದರೆ ಎರಡೂ ಸುಡುತ್ತವೆ.

ಬಿಸಿಬಿಸಿ ವಡೆ:
ನೀವೆಲ್ಲ ಕೇಕಿನಲ್ಲೇ ಮುಳುಗಿದ್ದೀರಿ. ನಾನು ಹ್ಯಾಂಡ್ ಮಿಕ್ಸರನ್ನು ಹೆಚ್ಚು ಬಳಸುವುದು ಉದ್ದಿನ ವಡೆಗೆ. ಗಟ್ಟಿಯಾಗಿ ರುಬ್ಬಿದ ಹಿಟ್ಟನ್ನು ಒಂದೂವರೆ ನಿಮಿಷ ಬೀಟ್ ಮಾಡಿ, ಒಂದು ಚೂರು ನೀರಿಗೆ ಹಾಕಿದರೆ ತೇಲುತ್ತದೆ. ಕೈಯಲ್ಲಿ ಬಡಿಯುವ ಕೆಲಸವೇ ಇಲ್ಲ, ವಡೆ ಹತ್ತಿಯಂತೆ ಬರುತ್ತದೆ.

ಒಗ್ಗರಣೆ:
ಇದನ್ನು ಮೊದಲೇ ಹೇಳಬಾರದಿತ್ತೇ? ಯಾವ ಮಾದರಿ ಕೊಳ್ಳಲಿ?

ಬೆಣ್ಣೆನಗರಿ:
ಭಾನುವಾರ ಮತ್ತೆ ಮಾಡಿದೆ, ವರದಿ ಒಪ್ಪಿಸುತ್ತಿದ್ದೇನೆ. ಬೆಣ್ಣೆ ಹನ್ನೆರಡು ನಿಮಿಷ ಹೊರಗೆ, ಸಕ್ಕರೆ ಚಿರೋಟಿ ರವೆಯ ಹದ, 3ನೇ ವೇಗದಲ್ಲಿ ಮೂರು ನಿಮಿಷ, ಪಾತ್ರೆ ಫ್ರಿಜ್ಜಿನಲ್ಲಿ ಐದು ನಿಮಿಷ, ಮತ್ತೆ ಎರಡು ನಿಮಿಷ. ಮೊಟ್ಟೆ ಹಾಕಿದಾಗ ಮಿಶ್ರಣ ಒಡೆಯಲಿಲ್ಲ. ಮೈದಾವನ್ನು ಸ್ಪ್ಯಾಚುಲಾದಲ್ಲಿ ಮಗುಚಿದೆ, ಹಿಟ್ಟು ಈ ಸಲ ರೇಷ್ಮೆಯಂತೆ ಕಾಣಲಿಲ್ಲ, ಒರಟಾಗಿಯೇ ಇತ್ತು. ನನಗೆ ಭಯವಿತ್ತು. ಬೆಂದ ಮೇಲೆ ಮೇಲ್ಮೈ ಹೆಚ್ಚುಕಡಿಮೆ ಸಮ, ತಳದಲ್ಲಿ ಹಲ್ವ ಇಲ್ಲ. ಕತ್ತರಿಸಿದ ಹೋಳನ್ನು ಬೆಳಕಿಗೆ ಹಿಡಿದರೆ ಸಣ್ಣ ಒಂದೇ ಸಮನಾದ ಕಣ್ಣುಗಳು, ಒಂದೇ ಒಂದು ಎರೆಹುಳು ಮಾತ್ರ ಮೂಲೆಯಲ್ಲಿ. ಮಿಕ್ಸರ್ ಬೆಚ್ಚಗಾಯಿತು, ಬಿಸಿಯಾಗಲಿಲ್ಲ.

ಒಂದೇ ಸಂಶಯ ಉಳಿದಿದೆ. ಹಿಟ್ಟಿಗೆ ಬೂದು ಛಾಯೆ ಬಂದಿತ್ತು, ಬೆಂದ ಮೇಲೂ ಸ್ವಲ್ಪ ಕಾಣುತ್ತದೆ.

ಕುಸ್ವಾರ್ ಡಬ್ಬಿ:
ಯಾವ ಪಾತ್ರೆಯಲ್ಲಿ ಕಡೆದಿರಿ?

ಬೆಣ್ಣೆನಗರಿ:
ನಮ್ಮ ಅಮ್ಮನ ಹಳೆಯ ಅಲ್ಯೂಮಿನಿಯಂ ಪಾತ್ರೆ. ಆಳವಾಗಿದೆ, ಎರಚುವುದಿಲ್ಲ ಎಂದು ಅದನ್ನೇ ತೆಗೆದುಕೊಂಡೆ.

ಕುಸ್ವಾರ್ ಡಬ್ಬಿ:
ಬೀಟರಿನ ತಂತಿ ಅಲ್ಯೂಮಿನಿಯಂ ತಳವನ್ನು ಕೆರೆಯುತ್ತದೆ, ಆ ಬೂದಿ ಬಣ್ಣ ಪಾತ್ರೆಯದೇ. ಸ್ಟೀಲಿನ ಆಳದ ಪಾತ್ರೆ ತೆಗೆದುಕೊಳ್ಳಿ. ಅಮ್ಮನ ಪಾತ್ರೆಯಲ್ಲಿ ಅನ್ನ ಮಾಡಿ.